ನಾರುಹಲಗೆಯ ಉತ್ಪಾದನೆ: ದೇಶಕಾಲಗಳ ಒಂದು ತುಲನೆ

ಪ್ರಸ್ತಾವನೆ

ಪರೀಕ್ಷೆಯ ಕಾಲದಲ್ಲಿ ವಿದ್ಯಾರ್ಥಿಗಳು ಕಂಕುಳಲ್ಲಿ ಇರಿಸಿಕೊಂಡು ಬರುವ, ತಲೆಯ ಕಡೆ ಕ್ಲಿಪ್ಪನ್ನುಳ್ಳ ಕಂದುಬಣ್ಣದ ಪ್ಯಾಡನ್ನು ಅರಿಯದ ಅಧ್ಯಾಪಕರಿಲ್ಲ. ಅದರ ಒಂದು ಮುಖ ನುಣುಪು. ಮತ್ತೊಂದು ಮುಖದಲ್ಲಿ ಜರಡಿಯ ಕಣ್ಣುಗಳನ್ನು ಹೋಲುವ ಸಣ್ಣ ಸಣ್ಣ ಚೌಕಗಳ ಅಚ್ಚು. ಈ ಅಚ್ಚನ್ನು ಯಾರೂ ಅಲಂಕಾರಕ್ಕಾಗಿ ಒತ್ತಿದವರಲ್ಲ. ಮರದ ನಾರನ್ನು ನೀರಿನಲ್ಲಿ ಕದಡಿ, ತಂತಿಯ ಜಾಲರಿಯ ಮೇಲೆ ಹರವಿ, ಬಿಸಿ ಒತ್ತುಯಂತ್ರದಲ್ಲಿ ಅದುಮುವಾಗ ನೀರೂ ಹಬೆಯೂ ಹೊರಹೋಗಲೆಂದು ಅಡಿಯಲ್ಲಿ ಇರಿಸಿದ ಜಾಲರಿಯ ಗುರುತು ಅದು. ಈಚಿನ ವರ್ಷಗಳಲ್ಲಿ ಎರಡು ಮುಖಗಳೂ ನುಣುಪಾದ ಪ್ಯಾಡುಗಳು ಅಂಗಡಿಗೆ ಬಂದಿವೆ. ಅವು ನೀರಿನಲ್ಲಿ ಕದಡದೆ, ಒಣಗಿಸಿದ ನಾರಿಗೆ ಅಂಟು ಬೆರೆಸಿ ಒತ್ತಿದಂಥವು. ಒಂದು ಮುಖದ ಅಚ್ಚು ಹೀಗೆ ಮರೆಯಾದುದರ ಹಿಂದೆ ನೂರು ವರ್ಷಗಳಿಗೂ ಮೀರಿದ ಒಂದು ಕೈಗಾರಿಕೆಯ ಇತಿಹಾಸವಿದೆ. ಆ ಕೈಗಾರಿಕೆಯು ಯಾವ ಸೀಮೆಯಲ್ಲಿ ಹುಟ್ಟಿತು, ಎಲ್ಲಿ ಬೆಳೆಯಿತು, ಎಲ್ಲಿ ಕುಗ್ಗಿತು, ಈಗ ಎಲ್ಲಿ ನೆಲೆಗೊಂಡಿದೆ ಎಂಬುದನ್ನು ತೌಲನಿಕವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೂವಿನ ಸಂಗಡ ನಾರೂ ಸ್ವರ್ಗ ಸೇರಿತೆಂಬುದು ನಮ್ಮ ಗಾದೆ. ನಾರಿಗೆ ಸ್ವತಃ ಬೆಲೆಯಿಲ್ಲವೆಂಬ ಭಾವನೆ ಆ ಗಾದೆಯಲ್ಲಿ ಅಡಗಿದೆ. ಬೆಲೆಯಿಲ್ಲದ ಆ ನಾರೇ ಮೂಲದ್ರವ್ಯವಾಗಿ, ದೇಶದೇಶಗಳ ವಾಣಿಜ್ಯಕ್ಕೆ ವಸ್ತುವಾದ ಕಥೆ ಇದು.

ನಾರುಹಲಗೆಯ ಲಕ್ಷಣ

ಆಂಗ್ಲದಲ್ಲಿ ಫೈಬರ್‌ಬೋರ್ಡ್ ಎನಿಸಿಕೊಳ್ಳುವ ವಸ್ತುವಿಗೆ ನಾರುಹಲಗೆ ಎಂಬ ಹೆಸರು ಒಪ್ಪುತ್ತದೆ. ಪ್ಲೈವುಡ್ಡಿನಲ್ಲಿ ಮರದ ದಿಮ್ಮಿಯನ್ನು ತಿರುಗಿಸುತ್ತ ತೆಳುವಾದ ಹಾಳೆಗಳನ್ನಾಗಿ ಸುಲಿದು ಒಂದರ ಮೇಲೊಂದು ಅಂಟಿಸುತ್ತಾರೆ. ಪಾರ್ಟಿಕಲ್‌ಬೋರ್ಡಿನಲ್ಲಿ ಮರದ ಚೂರುಗಳನ್ನೇ ಅಂಟಿನಿಂದ ಕೂಡಿಸುತ್ತಾರೆ. ನಾರುಹಲಗೆಯಲ್ಲಾದರೋ ಮರದ ಚಕ್ಕೆಗಳನ್ನು ಹಬೆಯಲ್ಲಿ ಮೆದುಗೊಳಿಸಿ, ಹತ್ತಿಯನ್ನು ಹಿಂಜುವಂತೆ ಹಿಂಜಿ, ಎಳೆಎಳೆಯಾದ ನಾರನ್ನು ಮತ್ತೆ ಹಲಗೆಯಾಗಿ ಕಟ್ಟುತ್ತಾರೆ. ಆದುದರಿಂದ ಮೂಲದ ಮರ ಡೊಂಕಾಗಿದ್ದರೂ ಸಣ್ಣದಾಗಿದ್ದರೂ ಬಾಧಕವಿಲ್ಲ. ಮರವೇ ಅಲ್ಲದ ಕಬ್ಬಿನ ಸಿಪ್ಪೆ, ಹತ್ತಿಕಟ್ಟಿಗೆಗಳಿಂದಲೂ ಅದು ಸಾಧ್ಯ.

ನಾರುಹಲಗೆಯಲ್ಲಿ ಮೂರು ಭೇದಗಳು ಮುಖ್ಯ. ಮೊದಲನೆಯದು ಮೃದುಹಲಗೆ. ಶಾಲೆಯ ಸೂಚನಾಫಲಕದಲ್ಲಿ ಗುಂಡುಸೂಜಿ ಸುಲಭವಾಗಿ ಇಳಿಯುವುದು ಇದರಲ್ಲಿಯೇ. ಒಂದು ಘನ ಮೀಟರು 400 ಕಿಲೋಗ್ರಾಮಿಗಿಂತ ಕಡಿಮೆ ತೂಗುತ್ತದೆ. ಶಾಖವನ್ನೂ ಸದ್ದನ್ನೂ ತಡೆಯುತ್ತದೆ. ಎರಡನೆಯದು ಹಾರ್ಡ್‌ಬೋರ್ಡು, ಅಂದರೆ ಗಟ್ಟಿಹಲಗೆ; ಘನ ಮೀಟರಿಗೆ ಸಾಮಾನ್ಯವಾಗಿ 900 ಕಿಲೋಗ್ರಾಮು ಅಥವಾ ಅದಕ್ಕೂ ಮಿಗಿಲು. ಮೂರನೆಯದು ಎಂ.ಡಿ.ಎಫ್. ಎಂದು ಬಡಗಿಗಳ ಬಾಯಲ್ಲಿ ರೂಢವಾಗಿರುವ ಮಧ್ಯಮಸಾಂದ್ರತೆಯ ಹಲಗೆ. ಅದರ ತೂಕ ಬಹುಮಟ್ಟಿಗೆ 600ರಿಂದ 800 ಕಿಲೋಗ್ರಾಮಿನ ನಡುವೆ. ಮೊದಲಿನ ಎರಡು ಬಗೆಗಳು ಪ್ರಧಾನವಾಗಿ ನೀರಿನ ಕ್ರಮದಿಂದಲೂ ಮೂರನೆಯದು ಒಣಕ್ರಮದಿಂದಲೂ ಸಿದ್ಧವಾಗುತ್ತವೆ.

ತುಲನೆಗೆ ಮುನ್ನ ಎಚ್ಚರಿಕೆಗಳು

ಅಳತೆಗಳನ್ನು ಸಮಗೊಳಿಸದೆ ಮಾಡಿದ ತುಲನೆ ಭ್ರಾಂತಿಗೆ ಕಾರಣವಾಗುತ್ತದೆ. ಸೇರಿನಲ್ಲಿ ಅಳೆದ ಜೋಳವನ್ನು ತಕ್ಕಡಿಯಲ್ಲಿ ತೂಗಿದ ಜೋಳದೊಡನೆ ಹೋಲಿಸಿ ತಕರಾರು ಮಾಡಿದಂತೆಯೇ ಅದು. ಇಲ್ಲಿ ಮೂರು ಅಂಶಗಳು ಗಮನಾರ್ಹ.

ಒಂದು: ನಾರುಹಲಗೆಯ ಉತ್ಪಾದನೆಯನ್ನು ಕೆಲವೆಡೆ ಟನ್ನುಗಳಲ್ಲಿ, ಕೆಲವೆಡೆ ಚದರ ಮೀಟರುಗಳಲ್ಲಿ, ಕೆಲವೆಡೆ ಘನ ಮೀಟರುಗಳಲ್ಲಿ ಲೆಕ್ಕ ಹಾಕಿದ್ದಾರೆ. ಒಂದು ಘನ ಮೀಟರು ಹಲಗೆಯನ್ನು 3 ಮಿಲಿಮೀಟರು ದಪ್ಪಕ್ಕೆ ಮಾಡಿದರೆ ಸುಮಾರು 333 ಚದರ ಮೀಟರುಗಳಾಗುತ್ತವೆ. 18 ಮಿಲಿಮೀಟರು ದಪ್ಪಕ್ಕೆ ಮಾಡಿದರೆ ಸುಮಾರು 56 ಚದರ ಮೀಟರು ಮಾತ್ರ. ಅಂತೆಯೇ ಒಂದು ಘನ ಮೀಟರು ಗಟ್ಟಿಹಲಗೆಯಲ್ಲಿರುವ ನಾರಿನಿಂದ ಮೂರು ಘನ ಮೀಟರಿನಷ್ಟು ಮೃದುಹಲಗೆಯಾಗಬಹುದು. ಘನ ಮೀಟರಿನ ಲೆಕ್ಕದಲ್ಲಿ ಮೃದುಹಲಗೆಯ ನಾಡು ದೊಡ್ಡದಾಗಿ ಕಾಣುತ್ತದೆ. ತೂಕದ ಲೆಕ್ಕದಲ್ಲಿ ಗಟ್ಟಿಹಲಗೆಯ ನಾಡು ದೊಡ್ಡದಾಗುತ್ತದೆ.

ಎರಡು: ವರ್ಗೀಕರಣವೇ ಕಾಲಕಾಲಕ್ಕೆ ಬದಲಾಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1957ರಲ್ಲಿ ಜಿನೀವಾದಲ್ಲಿ ಈ ಹಲಗೆಗಳ ಬಗೆಗೆ ಅಂತರರಾಷ್ಟ್ರೀಯ ಸಮಾಲೋಚನೆಯನ್ನು ಏರ್ಪಡಿಸಿದಾಗ ಎಂ.ಡಿ.ಎಫ್. ಎಂಬುದು ಹುಟ್ಟಿರಲಿಲ್ಲ. ಆ ಸಂಸ್ಥೆಯ ಅಂಕಿಅಂಶಗಳಲ್ಲಿ ಅದು ಪ್ರತ್ಯೇಕ ಸಾಲಾಗಿ ಕಾಣಿಸಿಕೊಂಡುದು 1990ರ ದಶಕದ ನಡುವೆ. ಅದಕ್ಕೂ ಹಿಂದಿನ ಮೊತ್ತವನ್ನು ಈಚಿನ ಮೊತ್ತದೊಡನೆ ಇರಿಸುವಾಗ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವಸ್ತುಗಳಿವೆಯೆಂಬ ಅರಿವಿರಬೇಕು.

ಮೂರು: ಕಾರ್ಖಾನೆಯ ಸಾಮರ್ಥ್ಯ ಬೇರೆ, ನಿಜವಾದ ಉತ್ಪಾದನೆ ಬೇರೆ. ಹತ್ತು ಖಂಡುಗ ಹಿಡಿಯುವ ಕಣಜವಿದ್ದ ಮಾತ್ರಕ್ಕೆ ಮನೆಯಲ್ಲಿ ಹತ್ತು ಖಂಡುಗ ಧಾನ್ಯವಿದೆಯೆಂದು ಹೇಳಲಾಗದು.

ಈ ಮೂರರ ಜೊತೆಗೆ, ಯಾವ ಅಂಕಿಯ ಪಟ್ಟಿಯೂ ಹೇಳದ ನಾಲ್ಕನೆಯ ಪ್ರಶ್ನೆಯೊಂದಿದೆ: ನಾರು ಎಲ್ಲಿಂದ ಬಂದಿತು? ಎಸೆಯುವ ಕಸದಿಂದಲೋ, ಅದಕ್ಕೆಂದೇ ಬೆಳೆದ ಮರದಿಂದಲೋ? ಎಷ್ಟು ಎಂಬುದಕ್ಕೆ ಉತ್ತರ ಅಂಕಿಯಲ್ಲಿದೆ. ಏಕೆ ಎಂಬುದಕ್ಕೆ ಉತ್ತರ ಈ ಪ್ರಶ್ನೆಯಲ್ಲಿದೆ.

ಅಮೆರಿಕ: ಕಸದಿಂದ ರಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಉದ್ಯಮ ಬೇರೂರಿದುದು ಕಾಗದದ ಗಿರಣಿಯ ಹಿತ್ತಲಿನಲ್ಲಿ. ಮಿನ್ನೆಸೋಟ ರಾಜ್ಯದ ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಊರಿನಲ್ಲಿ ಕಾಗದಕ್ಕೆ ಒದಗದ ಒರಟು ನಾರಿನಿಂದ 1914ರಲ್ಲಿ ಇನ್ಸುಲೈಟ್ ಎಂಬ ಮೃದುಹಲಗೆಯ ತಯಾರಿಕೆ ಆರಂಭವಾಯಿತು. 1920ರ ದಶಕದ ಮೊದಲಲ್ಲಿ ಲೂಯಿಸಿಯಾನದ ನ್ಯೂ ಆರ್ಲಿಯನ್ಸ್ ಸಮೀಪದಲ್ಲಿ ಕಬ್ಬಿನ ಸಿಪ್ಪೆಯಿಂದ ಸೆಲೊಟೆಕ್ಸ್ ಎಂಬ ಹಲಗೆ ಹೊರಬಂದಿತು.

ಗಟ್ಟಿಹಲಗೆಯ ಜನನ ಮಿಸಿಸಿಪಿ ರಾಜ್ಯದ ಲಾರೆಲ್ ಪಟ್ಟಣದಲ್ಲಿ. ಅಲ್ಲಿನ ಪೈನ್ ಕಾಡುಗಳನ್ನು ಕಡಿಯುತ್ತಿದ್ದ ಸಾಮಿಲ್ಲುಗಳ ಸುತ್ತ ಚಕ್ಕೆ ಸಿಪ್ಪೆಗಳ ರಾಶಿ ಬಿದ್ದಿರುತ್ತಿತ್ತು. ಅದನ್ನು ಸುಡುವುದೇ ಒಂದು ಕೆಲಸವಾಗಿತ್ತು. ಥಾಮಸ್ ಎಡಿಸನ್ನನ ಬಳಿ ದುಡಿದಿದ್ದ ವಿಲಿಯಂ ಮೇಸನ್ ಎಂಬಾತನು ಚಕ್ಕೆಗಳನ್ನು ಉಕ್ಕಿನ ಪಾತ್ರೆಯಲ್ಲಿ ತುಂಬಿ, ಅಧಿಕ ಒತ್ತಡದ ಹಬೆಯನ್ನು ಹಾಯಿಸಿ, ಒಮ್ಮೆಲೆ ಬಾಯಿ ತೆರೆಯುವ ವಿಧಾನವನ್ನು ಕಂಡುಹಿಡಿದನು. ಒಳಗಿನ ಹಬೆ ಸಿಡಿದು ಮರ ನಾರುನಾರಾಗುತ್ತಿತ್ತು. 1924ರಲ್ಲಿ ಆತನು ಆ ನಾರಿನಿಂದ ಮೃದುಹಲಗೆಯನ್ನು ಮಾಡುವ ಪ್ರಯೋಗದಲ್ಲಿದ್ದಾಗ ಊಟಕ್ಕೆ ಹೋದ ಹೊತ್ತಿನಲ್ಲಿ ಹಬೆಯ ಕವಾಟ ಸೋರಿ ಒತ್ತುಯಂತ್ರ ಕಾದೇ ಉಳಿಯಿತೆಂದೂ, ಹಿಂದಿರುಗಿ ನೋಡಿದಾಗ ತೆಳುವಾದ ಗಟ್ಟಿ ಹಲಗೆಯೊಂದು ಸಿದ್ಧವಾಗಿತ್ತೆಂದೂ ಪ್ರತೀತಿ. ಮರದೊಳಗೇ ಇರುವ ಲಿಗ್ನಿನ್ ಎಂಬ ಅಂಟು ಶಾಖಕ್ಕೆ ಕರಗಿ ನಾರುಗಳನ್ನು ಬೆಸೆದಿತ್ತು. ಹೊರಗಿನ ಅಂಟು ಬೇಕಾಗಿರಲಿಲ್ಲ. ಮೇಸೊನೈಟ್ ಎಂದು ಜಗತ್ಪ್ರಸಿದ್ಧವಾದ ಹಲಗೆ ಇದೇ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಮರದ ಮನೆಗಳು ಹೇರಳವಾಗಿ ಎದ್ದಾಗ ಈ ಹಲಗೆಗಳಿಗೆ ಮನೆಯಂಗಳದಲ್ಲೇ ಮಾರುಕಟ್ಟೆ ದೊರೆಯಿತು.

ಸ್ವೀಡನ್: ಅದೇ ದ್ರವ್ಯ, ಬೇರೆ ಮಾರ್ಗ

ಸ್ವೀಡನ್ನಿನಲ್ಲಿಯೂ ಸಾಮಿಲ್ಲಿನ ಕಸವೇ ಮೂಲದ್ರವ್ಯ. ಮೇಸನ್ನನ ವಿಧಾನ 1929ರಷ್ಟು ಬೇಗನೆ ಆ ದೇಶದ ಉತ್ತರಭಾಗವನ್ನು ತಲುಪಿತು. 1930ರ ದಶಕದಲ್ಲಿ ಆರ್ನೆ ಆಸ್‌ಪ್ಲುಂಡ್ ಎಂಬ ಎಂಜಿನಿಯರನು ಡಿಫೈಬ್ರೇಟರ್ ಎಂಬ ಯಂತ್ರವನ್ನು ಬಳಕೆಗೆ ತಂದನು. ಹಬೆಯಲ್ಲಿ ಕಾದ ಚಕ್ಕೆಗಳನ್ನು ಒತ್ತಡದಲ್ಲಿರುವಾಗಲೇ ಎರಡು ಉಕ್ಕಿನ ಬಿಲ್ಲೆಗಳ ನಡುವೆ ಅರೆಯುವ ಈ ಯಂತ್ರವನ್ನು ಬೀಸುವ ಕಲ್ಲಿಗೆ ಹೋಲಿಸಬಹುದು. ಮೇಸನ್ನನ ಸಿಡಿತ ಒಂದೊಂದು ಪಾತ್ರೆಯಷ್ಟನ್ನು ಮಾತ್ರ ಸಿದ್ಧಗೊಳಿಸುತ್ತಿತ್ತು. ಇದಾದರೋ ಎಡೆಬಿಡದೆ ನಡೆಯುತ್ತಿತ್ತು. ಆದುದರಿಂದ ಅನ್ಯದೇಶಗಳೂ ಈ ಕ್ರಮವನ್ನು ವ್ಯಾಪಕವಾಗಿ ಸ್ವೀಕರಿಸಿದವು.

ಈ ಎರಡು ದೇಶಗಳ ತುಲನೆ ಬೋಧಪ್ರದವಾಗಿದೆ. ಅಮೆರಿಕವು ತನ್ನ ಮನೆಗಳಿಗಾಗಿ ಮಾಡಿಕೊಂಡಿತು. ಜನಸಂಖ್ಯೆಯಲ್ಲಿ ಚಿಕ್ಕದಾದ ಸ್ವೀಡನ್ ಹಲಗೆಯನ್ನೂ ಯಂತ್ರವನ್ನೂ ಎರಡನ್ನೂ ರಫ್ತು ಮಾಡಿತು. ಒಟ್ಟು ಉತ್ಪಾದನೆಯಲ್ಲಿ ಅಮೆರಿಕ ಮುಂದಿದ್ದರೂ ತಲಾ ಲೆಕ್ಕದಲ್ಲಿ ಸ್ವೀಡನ್ ಮುಂದಿತ್ತು.

1970ರ ದಶಕದಿಂದ ಸ್ವೀಡನ್ನಿನ ಉತ್ಪಾದನೆ ಕುಗ್ಗಿತು. ಕಾರಣಗಳು ಮೂರು. ನೀರಿನ ಕ್ರಮದಲ್ಲಿ ಪ್ರತಿ ಟನ್ನು ಹಲಗೆಗೆ ಹತ್ತಾರು ಘನ ಮೀಟರು ನೀರು ಬೇಕು. ಮರದ ರಸ ಕರಗಿದ ಆ ಕಂದುನೀರನ್ನು ನದಿಗೆ ಬಿಡಬಾರದೆಂದು ಕಾನೂನುಗಳು ಬಿಗಿಯಾದವು. 1973ರ ತರುವಾಯ ತೈಲದ ಬೆಲೆ ಏರಿ, ಹಬೆಯ ವೆಚ್ಚ ಹೆಚ್ಚಿತು. ಇದಕ್ಕಿಂತಲೂ ಸೂಕ್ಷ್ಮವಾದುದು ಮೂರನೆಯ ಕಾರಣ: ಕಸವೆಂದು ಬಿಸುಡುತ್ತಿದ್ದ ಚಕ್ಕೆಗೆ ಬೆಲೆ ಬಂದಿತು. ಕಾಗದದ ಗಿರಣಿಯೂ ಪಾರ್ಟಿಕಲ್‌ಬೋರ್ಡಿನ ಕಾರ್ಖಾನೆಯೂ ಉರುವಲು ಬಳಸುವವರೂ ಅದನ್ನೇ ಬೇಡತೊಡಗಿದರು. ಕಸಕ್ಕೆ ಬೆಲೆ ಬಂದ ದಿನ ಅದು ಕಸವಲ್ಲ. ಕಸವನ್ನು ನಂಬಿದ ಉದ್ಯಮಕ್ಕೆ ಅದೇ ಸಂಕಟದ ದಿನ.

ಒಣಕ್ರಮದ ಉದಯ

ಈ ನಡುವೆ ನ್ಯೂಯಾರ್ಕ್ ರಾಜ್ಯದ ಡಿಪಾಸಿಟ್ ಎಂಬ ಸಣ್ಣ ಊರಿನಲ್ಲಿ 1960ರ ದಶಕದ ಮಧ್ಯಭಾಗದಲ್ಲಿ ಎಂ.ಡಿ.ಎಫ್. ತಯಾರಿಕೆ ಆರಂಭವಾಯಿತು. ಇಲ್ಲಿ ನಾರನ್ನು ಸಾಗಿಸುವುದು ನೀರಲ್ಲ, ಬಿಸಿಗಾಳಿ. ಒಣಗಿದ ನಾರಿಗೆ ಯೂರಿಯ ಮತ್ತು ಫಾರ್ಮಾಲ್ಡಿಹೈಡುಗಳ ಅಂಟು ಸೇರಿಸಿ ಒತ್ತುತ್ತಾರೆ. ನದಿ ಉಳಿಯಿತು; ದಪ್ಪನಾದ ಹಲಗೆ ಸಾಧ್ಯವಾಯಿತು; ಎರಡು ಮುಖಗಳೂ ನುಣುಪಾದವು. ಯೂರೋಪಿನಲ್ಲಿ ಇದರ ಮೊದಲ ಕಾರ್ಖಾನೆ 1973ರಲ್ಲಿ ಆಗಿನ ಪೂರ್ವ ಜರ್ಮನಿಯ ರಿಬ್ನಿಟ್ಸ್-ಡಾಮ್‌ಗಾರ್ಟನ್‌ನಲ್ಲಿ ಸ್ಥಾಪಿತವಾಯಿತು.

ನೀರಿನ ಉಪದ್ರವ ತಪ್ಪಿದಲ್ಲಿ ಅಂಟಿನ ಉಪದ್ರವ ಬಂದಿತೆಂಬುದನ್ನೂ ಹೇಳಬೇಕು. ಹಲಗೆಯಿಂದ ನಿಧಾನವಾಗಿ ಹೊರಸೂಸುವ ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತು. ಅದು ಎಷ್ಟು ಹೊರಸೂಸಬಹುದೆಂಬುದಕ್ಕೆ ಬಳಿಕ ದೇಶದೇಶಗಳಲ್ಲಿ ಮಿತಿಗಳು ಬಿಗಿಯಾದವು. ಎಂ.ಡಿ.ಎಫ್. ಕೊಯ್ಯುವಾಗ ಏಳುವ ನವುರಾದ ಧೂಳು ಬಡಗಿಯ ಉಸಿರನ್ನು ಸೇರದಂತೆ ಮೂಗುಬಾಯಿಗಳಿಗೆ ರಕ್ಷಣೆ ಬೇಕೆಂಬುದು ನಮ್ಮ ಬಡಗಿಗಳಿಗೆ ಇನ್ನೂ ಮನವರಿಕೆಯಾಗಬೇಕಾದ ವಿಷಯ.

ದಕ್ಷಿಣಗೋಳ: ನೆಟ್ಟ ತೋಪಿನ ನಾರು

ಮರವನ್ನು ನೆಟ್ಟು ನಾರು ಪಡೆಯುವ ಎರಡನೆಯ ಯುಗದ ಮುಂದಾಳುಗಳು ಬ್ರೆಜಿಲ್ ಮತ್ತು ನ್ಯೂಜಿಲೆಂಡ್. ಬ್ರೆಜಿಲ್ಲಿನ ಸಾವೊ ಪೌಲೊ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ರೈಲುಗಾಡಿಗಳ ಉರುವಲಿಗಾಗಿ ನೀಲಗಿರಿ ಮರಗಳನ್ನು ವಿಸ್ತಾರವಾಗಿ ನೆಟ್ಟಿದ್ದರು. ಆ ಪರಂಪರೆಯ ಮೇಲೆ 1951ರಲ್ಲಿ ಯೂಕಟೆಕ್ಸ್ ಮತ್ತು ಡ್ಯುರಟೆಕ್ಸ್ ಎಂಬ ಎರಡು ಸಂಸ್ಥೆಗಳು ಹುಟ್ಟಿ, ನೀಲಗಿರಿಯ ನಾರಿನಿಂದ ಹಲಗೆ ಮಾಡಿದವು. ನ್ಯೂಜಿಲೆಂಡಿನಲ್ಲಿ 1920 ಮತ್ತು 1930ರ ದಶಕಗಳಲ್ಲಿ ರೇಡಿಯಾಟಾ ಪೈನ್ ಮರವನ್ನು ಹೇರಳವಾಗಿ ನೆಟ್ಟಿದ್ದರು; ಅದೇ ಮರವನ್ನು ನಂಬಿ 1976ರಲ್ಲಿ ರಂಗಿಯೋರಾ ಬಳಿ ಎಂ.ಡಿ.ಎಫ್. ಕಾರ್ಖಾನೆ ಬಂದಿತು. ಇಲ್ಲೆಲ್ಲ ಬೇರೆ ಉದ್ದೇಶದಿಂದ ಹಿಂದಿನವರು ನೆಟ್ಟ ಮರ ಮುಂದಿನವರ ಕೈಗಾರಿಕೆಗೆ ಒದಗಿತೆಂಬುದು ಗಮನಾರ್ಹ.

ಚೀನ: ನಿಷೇಧದಿಂದ ಹುಟ್ಟಿದ ಸಮೃದ್ಧಿ

1998ರಲ್ಲಿ ಯಾಂಗ್‌ಟ್ಸೆ ನದಿಯ ಮಹಾಪ್ರವಾಹದ ತರುವಾಯ ಚೀನ ಸರ್ಕಾರವು ಅನೇಕ ಸೀಮೆಗಳಲ್ಲಿ ನೈಸರ್ಗಿಕ ಅರಣ್ಯಗಳ ಕಡಿತವನ್ನು ನಿಲ್ಲಿಸಿತು. ಮರದ ಕೊರತೆಯಿಂದ ಹಲಗೆಯ ಉದ್ಯಮ ಸೊರಗಬೇಕಾಗಿತ್ತೆಂದು ಯಾರಾದರೂ ಊಹಿಸಿಯಾರು. ನಡೆದುದು ವಿಪರೀತ. ಜಿಯಾಂಗ್ಸು, ಶಾನ್‌ಡಾಂಗ್ ಮೊದಲಾದ ಬಯಲುಸೀಮೆಗಳಲ್ಲಿ ರೈತರು ಹೊಲದ ಬದುಗಳಲ್ಲಿಯೂ ಕಾಲುವೆಯ ದಂಡೆಗಳಲ್ಲಿಯೂ ಪಾಪ್ಲರ್ ಮರಗಳನ್ನು ಬೆಳೆಸಿದರು. ದಕ್ಷಿಣದ ಗುವಾಂಗ್‌ಶಿಯಲ್ಲಿ ನೀಲಗಿರಿ ಹಬ್ಬಿತು. ಬೇಗ ಬೆಳೆಯುವ ಈ ಮರಗಳು ತೊಲೆಗಾಗಲಿ ಬಾಗಿಲಿಗಾಗಲಿ ಒದಗವು, ನಾರಿಗೆ ಒದಗುತ್ತವೆ. 2010ರ ದಶಕದ ಮಧ್ಯದ ವೇಳೆಗೆ ಚೀನದ ನಾರುಹಲಗೆಯ ಉತ್ಪಾದನೆ ವರ್ಷಕ್ಕೆ ಸುಮಾರು 6 ಕೋಟಿ ಘನ ಮೀಟರು ಮುಟ್ಟಿತು; ಅದು ಜಗತ್ತಿನ ಒಟ್ಟು ಉತ್ಪಾದನೆಯ ಹೆಚ್ಚುಕಡಿಮೆ ಅರ್ಧಪಾಲು. ತೊಂಬತ್ತರ ದಶಕದವರೆಗೆ ಅಮೆರಿಕ ಯೂರೋಪುಗಳ ಕಡೆ ಬಾಗಿದ್ದ ತಕ್ಕಡಿ ಎರಡೇ ದಶಕಗಳಲ್ಲಿ ಪೂರ್ವಕ್ಕೆ ಬಾಗಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಪ್ಲೈವುಡ್ಡು ಹಿರಿಯಣ್ಣ; ನಾರುಹಲಗೆ ಕಿರಿಯ ತಮ್ಮ. ಕೇರಳದ ಕಣ್ಣೂರಿನ ಬಳಿ ವಳಪಟ್ಟಣದಲ್ಲಿ 1945ರಲ್ಲಿ ಸ್ಥಾಪಿತವಾದ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಸಂಸ್ಥೆ ಮುಂದೆ ಹಾರ್ಡ್‌ಬೋರ್ಡನ್ನೂ ತಯಾರಿಸಿತು. ಹಲಗೆಗಳ ಸಂಶೋಧನೆಗೆಂದೇ 1962ರಲ್ಲಿ ಬೆಂಗಳೂರಿನಲ್ಲಿ ಸಂಸ್ಥೆಯೊಂದು ಸ್ಥಾಪಿತವಾದುದು ಕನ್ನಡನಾಡಿನ ಮಟ್ಟಿಗೆ ಸ್ಮರಣೀಯ. ಎಂ.ಡಿ.ಎಫ್. ನಮ್ಮಲ್ಲಿ ಕಾಲಿಟ್ಟುದು 1980ರ ದಶಕದಲ್ಲಿ. ಒಡಿಶಾದ ನಬರಂಗಪುರದ ಕಾರ್ಖಾನೆ ಮೊದಲಿನವುಗಳಲ್ಲಿ ಒಂದು.

ಚೀನದಂತೆ ಇಲ್ಲಿಯೂ ನಿಷೇಧವೇ ತಿರುವಿಗೆ ಕಾರಣ. 1988ರ ರಾಷ್ಟ್ರೀಯ ಅರಣ್ಯ ನೀತಿಯು, ಮರವನ್ನು ನಂಬಿದ ಕೈಗಾರಿಕೆಗಳು ತಮಗೆ ಬೇಕಾದ ದ್ರವ್ಯವನ್ನು ರೈತರ ಸಹಯೋಗದಿಂದ ಬೆಳೆಸಿಕೊಳ್ಳಬೇಕೆಂದು ವಿಧಿಸಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದಿಂದ ಅರಣ್ಯದ ಮರಕಡಿತಕ್ಕೆ ಕಡಿವಾಣ ಬಿದ್ದಿತು. ಈಶಾನ್ಯ ರಾಜ್ಯಗಳ ಪ್ಲೈವುಡ್ ಗಿರಣಿಗಳು ಬಾಗಿಲು ಹಾಕಿದವು. ಉದ್ಯಮವು ಕಾಡಿನ ಅಂಚಿನಿಂದ ಹೊಲದ ಅಂಚಿಗೆ ಬಂದಿತು. 2010ರಲ್ಲಿ ಉತ್ತರಾಖಂಡದ ರುದ್ರಪುರದಲ್ಲಿ, 2018ರಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ದೊಡ್ಡ ಎಂ.ಡಿ.ಎಫ್. ಕಾರ್ಖಾನೆಗಳು ಎದ್ದವು, ಚಿತ್ತೂರಿನದರ ವಾರ್ಷಿಕ ಸಾಮರ್ಥ್ಯವೊಂದೇ ಆಗ 3,60,000 ಘನ ಮೀಟರು. ನಮ್ಮ ಚಿಕ್ಕಮಗಳೂರಿನಲ್ಲಿಯೂ 2010ರ ದಶಕದಲ್ಲಿ ಅಂಥ ಕಾರ್ಖಾನೆ ಬಂದಿತು. ಹೀಗಿದ್ದರೂ ಭಾರತದ ಒಟ್ಟು ಉತ್ಪಾದನೆ ಚೀನದ ಹತ್ತರಲ್ಲೊಂದು ಪಾಲನ್ನೂ ಮುಟ್ಟಿಲ್ಲ.

ಈ ಅಂತರವನ್ನು ಬೇಗನೆ ತುಂಬಿಕೊಳ್ಳಬೇಕೆಂಬ ಆತುರಕ್ಕೆ ಮುನ್ನ ಎರಡು ತುಲನೆಗಳನ್ನು ವಾಚಕರು ಅವಧರಿಸಬೇಕು.

ಮೊದಲನೆಯದು ನೀಲಗಿರಿಯದು. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟಕ್ಕೆ ಈ ಮರ ಬಂದಿತೆಂದು ಪ್ರತೀತಿ. ಬ್ರೆಜಿಲ್ಲಿನಲ್ಲಿ ಕೈಗಾರಿಕೆಗೆ ಆಧಾರಸ್ತಂಭವಾದ ಇದೇ ಮರವನ್ನು ಕರ್ನಾಟಕದ ರೈತರು 1983ರಲ್ಲಿ ತುಮಕೂರು ಜಿಲ್ಲೆಯ ಸಸಿತೋಟಗಳಲ್ಲಿ ಕಿತ್ತೆಸೆದರು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರ ಒಂದೇ, ಭೇದವಿರುವುದು ಮಳೆಯಲ್ಲಿ. ಸಾವೊ ಪೌಲೊ ಸೀಮೆಯಲ್ಲಿ ವರ್ಷಕ್ಕೆ 1,300 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿದರೆ ಕೋಲಾರದಲ್ಲಿ ಬೀಳುವುದು ಸುಮಾರು 700ರಿಂದ 750 ಮಿಲಿಮೀಟರು. ಅಲ್ಲಿ ಮಳೆಯ ಪಾಲನ್ನು ಕುಡಿದ ಮರ ಇಲ್ಲಿ ಬಾವಿಯ ಪಾಲಿಗೆ ಕೈಹಾಕುತ್ತದೆಂಬುದೇ ರೈತರ ಅಳಲು. ರಾಗಿ ಬೆಳೆಯುತ್ತಿದ್ದ ಹೊಲ ತೋಪಾದಾಗ ಕೂಲಿಯವರ ಕೆಲಸವೂ ದನಗಳ ಮೇವೂ ಕಡಿಮೆಯಾದುವೆಂಬುದು ಅವರ ಎರಡನೆಯ ಅಳಲು. ಒಂದು ಸೀಮೆಯ ಯಶಸ್ಸನ್ನು ಮಳೆಯ ಲೆಕ್ಕ ನೋಡದೆ ಮತ್ತೊಂದು ಸೀಮೆಗೆ ತರುವುದು ಅವಿವೇಕ. ಸಾಲುಸಾಲಾಗಿ ಬದುಗಳಲ್ಲಿ ನೆಟ್ಟ ಮರವೂ, ಕಾಫಿತೋಟದ ನೆರಳಿಗೆ ಬೆಳೆದ ಸಿಲ್ವರ್ ಓಕ್ ಮರದ ಸವರಿದ ಕೊಂಬೆಯೂ ಊಟದ ಹೊಲವನ್ನು ಕಸಿಯದೆ ನಾರು ಕೊಡಬಲ್ಲವು.

ಎರಡನೆಯದು ಕಬ್ಬಿನದು. ಲೂಯಿಸಿಯಾನದಲ್ಲಿ ನೂರು ವರ್ಷಗಳ ಹಿಂದೆ ಸಿಪ್ಪೆಯಿಂದ ಹಲಗೆಯಾಯಿತು. ಬೆಳಗಾವಿ, ಬಾಗಲಕೋಟೆ, ಮಂಡ್ಯಗಳಲ್ಲಿ ಸಿಪ್ಪೆಯ ರಾಶಿಗಳಿದ್ದರೂ ಏಕಾಗಲಿಲ್ಲ ಎಂಬ ಪ್ರಶ್ನೆ ಸಹಜ. ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಸಿಪ್ಪೆಯೇ ಉರುವಲು. ಅದನ್ನು ಹಲಗೆಗೆ ಕೊಟ್ಟರೆ ಬೇರೆ ಉರುವಲನ್ನು ಕೊಳ್ಳಬೇಕು. ತೈಲವೂ ಅನಿಲವೂ ನೆಲದಡಿಯಲ್ಲೇ ದೊರೆಯುತ್ತಿದ್ದ ಲೂಯಿಸಿಯಾನಕ್ಕೆ ಅದು ಹೊರೆಯಾಗಲಿಲ್ಲ. ನಮ್ಮಲ್ಲಾದರೋ ಸಿಪ್ಪೆಯ ಹಬೆಯಿಂದ ಗಾಣವೂ ನಡೆಯುತ್ತದೆ, ಉಳಿದ ವಿದ್ಯುತ್ತೂ ಮಾರಾಟವಾಗುತ್ತದೆ. ಇದಲ್ಲದೆ ಸಿಪ್ಪೆಯೊಳಗಿನ ಬೆಂಡನ್ನು ಬೇರ್ಪಡಿಸಬೇಕು. ಕೆಲವೇ ತಿಂಗಳ ಹಂಗಾಮಿನಲ್ಲಿ ಬಂದುದನ್ನು ಕೊಳೆಯದಂತೆ ವರ್ಷವಿಡೀ ಕಾಪಾಡಬೇಕು. ಕಸವೆಂದು ಕಂಡುದು ಇಲ್ಲಿ ಮೊದಲೇ ಕಸವಾಗಿರಲಿಲ್ಲ.

ಉಪಸಂಹಾರ

ಮೇಲಣ ವಿವರಗಳಿಂದ ವಿದಿತವಾಗುವುದಿಷ್ಟು. ನಾರುಹಲಗೆಯು ಮರವನ್ನು ಉಳಿಸುವ ಉಪಾಯವಾಗಿ, ಎಸೆಯುವ ಕಸದಿಂದ ಹುಟ್ಟಿತು. ಕಸ ಸಾಲದಾದಾಗ ಮರವನ್ನು ನೆಟ್ಟು ನಾರಾಗಿಸುವ ಉದ್ಯಮವಾಯಿತು. ಮೊದಲ ಯುಗದಲ್ಲಿ ಸಾಮಿಲ್ಲು ಇದ್ದ ಸೀಮೆ ಮುಂದಾಯಿತು. ಎರಡನೆಯ ಯುಗದಲ್ಲಿ ನೆಲವೂ ಮಳೆಯೂ ರೈತನ ಶ್ರಮವೂ ಇದ್ದ ಸೀಮೆ ಮುಂದಾಯಿತು. ಆದುದರಿಂದ ಎಷ್ಟು ಲಕ್ಷ ಘನ ಮೀಟರು ಎಂಬ ಒಂದೇ ಅಳತೆಯಿಂದ ದೇಶವನ್ನು ದೊಡ್ಡದೆಂದೋ ಚಿಕ್ಕದೆಂದೋ ಹೇಳಲಾಗದು. ನಾರು ಯಾರ ಹೊಲದ್ದು, ನೀರು ಯಾರ ಬಾವಿಯದು, ಧೂಳು ಯಾರ ಉಸಿರಿಗೆ ಸೇರಿತು ಎಂಬ ಪ್ರಶ್ನೆಗಳಿಗೂ ಉತ್ತರ ದೊರೆತಾಗ ತುಲನೆ ಪೂರ್ಣವಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನವರ ಕಾಯಕ ಬಿದಿರಿನದು. ಬಿದಿರನ್ನು ಸೀಳಿ ಬುಟ್ಟಿ ಮೊರಗಳನ್ನು ಹೆಣೆದು ಮಾರಿ, ಬಂದುದರಲ್ಲಿ ದಾಸೋಹ ನಡೆಸಿದ ಜೀವನ ಅವರದು. ವಸ್ತುವನ್ನು ಹಾಳುಮಾಡದೆ ಬಳಸುವುದು, ದುಡಿಮೆಯ ಫಲವನ್ನು ಹಂಚಿಕೊಳ್ಳುವುದು ಎಂಬ ಎರಡು ನಿಯಮಗಳನ್ನು ಆ ಕಾಯಕದಲ್ಲಿ ಕಾಣಬಹುದು. ನಾರಿನ ಆಧುನಿಕ ಕೈಗಾರಿಕೆಯನ್ನು ಒರೆಹಚ್ಚುವುದಕ್ಕೂ ಆ ನಿಯಮಗಳೇ ಸಾಕು.

ಭೂಗೋಳವನ್ನೋ ಗಣಿತವನ್ನೋ ಬೋಧಿಸುವ ಅಧ್ಯಾಪಕರು ಒಂದು ದಿನ ತರಗತಿಯಲ್ಲಿ ಮಕ್ಕಳಿಂದ ಅವರ ಪ್ಯಾಡುಗಳನ್ನು ತಿರುಗಿಸಿ ಹಿಡಿಸಬಹುದು. ಜಾಲರಿಯ ಅಚ್ಚುಳ್ಳವು ಎಷ್ಟು, ನುಣುಪಾದವು ಎಷ್ಟು ಎಂದು ಎಣಿಸಿ, ದಪ್ಪ ಅಳೆದು, ತೂಗಿ, ಘನ ಮೀಟರಿನ ಲೆಕ್ಕ ಮಾಡಿಸಬಹುದು. ಲಾರೆಲ್ಲಿನ ಸಾಮಿಲ್ಲಿನಿಂದ ಕೋಲಾರದ ಬಾವಿಯವರೆಗಿನ ಕಥೆಯನ್ನು ಹೇಳಿಕೊಡುವುದಕ್ಕೆ ಬೇರೆ ಉಪಕರಣ ಬೇಕಾಗಿಲ್ಲ.